ಒಂದೇ ಗೋಡೆ, ಒಂದೇ ಪರದೆ: ಹುಮನಾಬಾದಿನಿಂದ ಕಲ್ಯಾಣದ ತನಕ

ಹೈದರಾಬಾದಿನಿಂದ ಸೋಲಾಪುರದ ಕಡೆ ಹೋಗೋ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಜಹೀರಾಬಾದ್ ದಾಟಿದ ಮೇಲೆ ಹುಮನಾಬಾದ್ ಬರುತ್ತೆ. ಅಲ್ಲಿಂದ ಮುಂದೆ ಸಸ್ತಾಪುರ ಬಂಗ್ಲಾ ಅನ್ನೋ ಕ್ರಾಸಿನಲ್ಲಿ ತಿರುಗಿದ್ರೆ ಬಸವಕಲ್ಯಾಣ. ಎರಡು ಊರಿನ ನಡುವೆ ಹೆಚ್ಚೂಕಡಿಮೆ 30 ಕಿಲೋಮೀಟರ್. ನಮ್ಮ ಮನೆ ಕಲ್ಯಾಣದಲ್ಲಿ, ಹಳೇ ಪೇಟೆಯೊಳಗೆ. ನನ್ನ ಕೆಲಸ ಹೈದರಾಬಾದಿನಲ್ಲಿ, ಸಾಫ್ಟ್‌ವೇರ್. ತಿಂಗಳಲ್ಲಿ ಎರಡು ವಾರ ಊರಿನಿಂದಲೇ ಕೆಲಸ ಮಾಡಬಹುದು ಅಂತ ಈ ವರ್ಷ ಆಫೀಸಿನವರು ಒಪ್ಪಿದ್ದಾರೆ. ಅಪ್ಪನಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಮನೆಯಲ್ಲಿ ಅವ್ವ, ಅಪ್ಪ ಇಬ್ಬರೇ. ಹಾಗಾಗಿ ಆ ಎರಡು ವಾರ ನನಗೆ ತುಂಬಾ ಮುಖ್ಯ.

ಆದರೆ 14 ಇಂಚಿನ ಲ್ಯಾಪ್‌ಟಾಪನ್ನು ಟ್ರಂಕಿನ ಮೇಲಿಟ್ಟುಕೊಂಡು ದಿನಕ್ಕೆ ಒಂಬತ್ತು ಗಂಟೆ ಕೋಡ್ ನೋಡೋದು ಕುತ್ತಿಗೆಗೆ ಆಗದ ಮಾತು. ಇತ್ತ ಅವ್ವನ ಡಬ್ಬಾ ಟಿವಿ ಪೂರ್ತಿ ಕೈಕೊಟ್ಟಿದೆ. ಅಪ್ಪ ಪೇಪರ್ ಓದೋದು ಬಿಟ್ಟು ಮೂರು ತಿಂಗಳಾಯ್ತು. ಅಕ್ಷರ ಕಾಣಲ್ಲ ಅಂತ ಅವರು ಹೇಳಲ್ಲ, 'ಪೇಪರ್‌ನಾಗ ಏನದ ಬಿಡು' ಅಂತಾರೆ. ಮನೆಯಲ್ಲಿ ಇರೋದು ಒಂದು ಪಡಸಾಲೆ, ಅದರಲ್ಲಿ ಖಾಲಿ ಇರೋದು ಒಂದು ಗೋಡೆ. ನಾನು ತೆಗೆದಿಟ್ಟಿದ್ದ ದುಡ್ಡು 25 ಸಾವಿರ. ಮಾನಿಟರೂ ಆಗಬೇಕು, ಟಿವಿಯೂ ಆಗಬೇಕು.

ಮೊದಲು ಹುಮನಾಬಾದಿನಲ್ಲೇ ಇಳಿದೆ. ಇಲ್ಲಿ ವೀರಭದ್ರೇಶ್ವರ ಗುಡಿ ಇದೆ, ಪಕ್ಕದಲ್ಲೇ ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನ ಇದೆ. 2017ರಲ್ಲಿ ಶುರುವಾದ ಬೀದರ್-ಕಲಬುರಗಿ ಮಾರ್ಗದ ರೈಲೂ ಇದೆ. ಪೇಟೆಯಲ್ಲಿ ಎರಡು ಅಂಗಡಿ ಹತ್ತಿದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಒಂದು ಎಚ್‌ಡಿಎಂಐ ಕೇಬಲ್ಲು ಇತ್ತು. ನೀವೂ ಹೀಗೇ ಹೋಗಿ. ಅಂಗಡಿಯಲ್ಲಿ ಓಡಿಸೋ ಡೆಮೊ ವಿಡಿಯೊದಲ್ಲಿ ಗಿಳಿ, ಜಲಪಾತ ಯಾವ ಟಿವಿಯಲ್ಲಾದರೂ ಚಂದ ಕಾಣುತ್ತವೆ. ಅಕ್ಷರ ಹಾಕಿ ನೋಡಿದಾಗಲೇ ಬಣ್ಣ ಬಯಲಾಗೋದು.

ಮೊದಲು ತೋರಿಸಿದ್ದು 32 ಇಂಚು. ನಮ್ಮ ಕಡೆ ಬಹಳ ಮನೆಗಳಲ್ಲಿ ಇರೋದು ಇದೇ. ಡಬ್ಬದ ಮೇಲೆ 'ಎಚ್‌ಡಿ ರೆಡಿ' ಅಂತ ಇರುತ್ತೆ. ಅಂದರೆ 1366 ಅಡ್ಡ, 768 ಉದ್ದ, ಅಷ್ಟೇ ಚುಕ್ಕಿ. ಒಂದು ಇಂಚಿಗೆ 49 ಚುಕ್ಕಿ. ನನ್ನ ಆಫೀಸಿನ ಸಾಧಾರಣ 24 ಇಂಚಿನ ಮಾನಿಟರಿನಲ್ಲಿ ಇಂಚಿಗೆ 92 ಇರುತ್ತೆ. ಎಂಟು ಅಡಿ ದೂರ ಕೂತು ಧಾರಾವಾಹಿ ನೋಡೋರಿಗೆ 49 ಸಾಕು. ಎರಡೂವರೆ ಅಡಿಯಲ್ಲಿ ಕೂತು ಓದೋರಿಗೆ ಸಾಲದು. ಇಂಗ್ಲಿಷ್ ಆದರೂ ಹೇಗೋ ನಡೆಯುತ್ತೆ, ಕನ್ನಡ ಹಾಕಿ ನೋಡಿ. 'ರಾಷ್ಟ್ರ'ದ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಇರುವೆ ಮೆತ್ತಿದ ಹಾಗೆ ಕಾಣುತ್ತವೆ. ಇನ್ನೊಂದು ಮಾತು. ಈ ಟಿವಿಗಳು 1080 ಸಿಗ್ನಲ್ ಕೊಟ್ಟರೂ 'ಆಯ್ತು' ಅಂತ ತಗೊಳ್ತವೆ. ಒಳಗೆ ಅದನ್ನು ಕುಗ್ಗಿಸಿ ತೋರಿಸೋದರಿಂದ ಅಕ್ಷರ ಇನ್ನೂ ಮಸುಕಾಗುತ್ತೆ. ಲ್ಯಾಪ್‌ಟಾಪಿನಲ್ಲಿ 1920 ಅಂತ ಬಂತು ಅಂದ ಮಾತ್ರಕ್ಕೆ ಫುಲ್ ಎಚ್‌ಡಿ ಅಲ್ಲ.

ಹಾಗಾದರೆ ಮಾನಿಟರನ್ನೇ ತಗೊಂಡು ಅದಕ್ಕೆ ಡಿಶ್ ಜೋಡಿಸಿದರೆ? ಬೆಂಗಳೂರಿನಲ್ಲಿ ಒಂಟಿ ರೂಮಿನಲ್ಲಿ ಇರೋರಿಗೆ ನಾನೂ ಇದನ್ನೇ ಹೇಳ್ತೀನಿ. 27 ಇಂಚಿನ ಮಾನಿಟರು, ಜೊತೆಗೊಂದು ಸ್ಟ್ರೀಮಿಂಗ್ ಸ್ಟಿಕ್ಕು, ಕೆಲಸ ಮುಗೀತು. ಸ್ಯಾಮ್‌ಸಂಗ್, ಎಲ್‌ಜಿಯಂಥವರು ಆ್ಯಪ್‌ಗಳನ್ನ ಒಳಗೇ ಇಟ್ಟ 'ಸ್ಮಾರ್ಟ್ ಮಾನಿಟರ್' ಕೂಡ ಮಾಡ್ತಾರೆ. ಆದರೆ ನಮ್ಮನೆಯಲ್ಲಿ ಇರೋದು ಫ್ರೀ ಡಿಶ್ಶಿನ ಹಳೇ ಪೆಟ್ಟಿಗೆ, ಅದರಿಂದ ಬರೋದು ಕೆಂಪು, ಬಿಳಿ, ಹಳದಿ ಮೂರು ವೈರು. ಮಾನಿಟರಿಗೆ ಆ ತೂತೇ ಇರಲ್ಲ. ಕನ್ವರ್ಟರ್ ಹಾಕಬಹುದು. ಆಮೇಲೆ ಬಹಳ ಮಾನಿಟರಿಗೆ ಸ್ಪೀಕರ್ ಇರಲ್ಲ, ಅದಕ್ಕೊಂದು ಪೆಟ್ಟಿಗೆ. ರಿಮೋಟೂ ಇರಲ್ಲ. ಅವ್ವ ಚಂದನ ಹಚ್ಚಬೇಕು ಅಂದ್ರೆ ಮೂರು ಸ್ವಿಚ್ಚು ಒತ್ತಬೇಕು. ನಾನು ಹೈದರಾಬಾದಿನಲ್ಲಿ ಇರೋ ಎರಡು ವಾರ ದಿನಾ ಫೋನ್ ಬರೋದು ಗ್ಯಾರಂಟಿ.

ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯವರು ಊಟಕ್ಕೆ ಹೋದರು. ಗೆಳೆಯನ ಬೈಕಿನಲ್ಲಿ ಜಲಸಂಗಿಗೆ ಹೋಗಿಬಂದೆ. ಇದೇ ತಾಲೂಕಿನ ಊರು, ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಅಲ್ಲಿನ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೀತಿದ್ದಾಳೆ. ಬರೀತಿರೋದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಅವನು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ದೊರೆ. ನನಗೆ ಶಿಲ್ಪಕಲೆ ಅಷ್ಟು ಗೊತ್ತಿಲ್ಲ. ಆದರೆ ಒಂಬೈನೂರು ವರ್ಷ ಬಿಸಿಲು ಮಳೆ ತಿಂದ ಆ ಅಕ್ಷರದ ಅಂಚು, ಬೆಳಿಗ್ಗೆ ನೋಡಿದ 32 ಇಂಚಿಗಿಂತ ಚೂಪಾಗಿತ್ತು. ಇದನ್ನ ತಮಾಷೆಗೆ ಹೇಳ್ತಿಲ್ಲ. ನೀವು ಆ ಹೆದ್ದಾರಿಯಲ್ಲಿ ಹೋಗ್ತಿದ್ದರೆ ಒಂದು ಗಂಟೆ ತೆಗೆದಿಟ್ಟು ಖಂಡಿತ ನೋಡಿ. ನಾವು ಹೋದಾಗ ಎರಡು ಮೇಕೆ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ವಾಪಸ್ ಬಂದು 43 ಇಂಚಿನ 4ಕೆ ನೋಡಿದೆ. ಇಲ್ಲಿ ಲೆಕ್ಕ ಚಂದ ಕೂಡಿಬರುತ್ತೆ. 21.5 ಇಂಚಿನ ನಾಲ್ಕು ಫುಲ್ ಎಚ್‌ಡಿ ಪರದೆಗಳನ್ನು ಎರಡರ ಮೇಲೆ ಎರಡು ಜೋಡಿಸಿದರೆ ಆಗೋದೇ 43 ಇಂಚಿನ 4ಕೆ. ಇಂಚಿಗೆ 102 ಚುಕ್ಕಿ, ಅಂದರೆ ಅಕ್ಷರದ ಮಟ್ಟಿಗೆ ಆಫೀಸಿನ ಮಾನಿಟರಿಗಿಂತ ಒಂದು ಕೈ ಮೇಲೆ. 32 ಇಂಚಿಗಿಂತ ದೊಡ್ಡ ಟಿವಿಗೆ ಮೊದಲು 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದೂ 18ಕ್ಕೆ ಇಳಿದಿದೆ. ಹಾಗಾಗಿ ಸಣ್ಣದು ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ ಅನ್ನೋ ಹಳೇ ಸಲಹೆ ಈಗ ಸುಳ್ಳು.

ಆದರೆ ಎಲ್ಲ 4ಕೆ ಟಿವಿಯೂ ಮಾನಿಟರ್ ಆಗಲ್ಲ. ಟಿವಿಗಳು ಬಹಳ ಸಲ ಬಣ್ಣದ ಮಾಹಿತಿಯನ್ನು ನಾಲ್ಕು ಚುಕ್ಕಿಗೆ ಒಂದರಂತೆ ಹಂಚಿ ಉಳಿತಾಯ ಮಾಡುತ್ತವೆ, ಇದಕ್ಕೆ 4:2:0 ಅಂತಾರೆ. ಸಿನಿಮಾದಲ್ಲಿ ಗೊತ್ತೇ ಆಗಲ್ಲ. ನೀಲಿ ಮೇಲೆ ಕೆಂಪು ಅಕ್ಷರ ಹಾಕಿದ್ರೆ ಅಂಚು ಹರಡಿಕೊಳ್ಳುತ್ತೆ. ಕಂಪ್ಯೂಟರಿಗೆ ಬೇಕಾದ್ದು 4:4:4, ಪ್ರತಿ ಚುಕ್ಕಿಗೂ ಅದರದೇ ಬಣ್ಣ. ಅದಕ್ಕೇ ನೋಟ್‌ಪ್ಯಾಡಿನಲ್ಲಿ ಕೆಂಪು ನೀಲಿ ಸಾಲುಗಳನ್ನು ಮಾಡಿ ಇಟ್ಟುಕೊಂಡಿದ್ದೆ. ಮೊದಲ ಟಿವಿ ಇದರಲ್ಲಿ ಫೇಲು. ಎರಡನೆಯದರಲ್ಲಿ ಇನ್‌ಪುಟ್‌ನ ಹೆಸರನ್ನು 'ಪಿಸಿ' ಅಂತ ಬದಲಿಸಿದ ಕೂಡಲೇ ಅಕ್ಷರ ಗೆರೆ ಎಳೆದ ಹಾಗೆ ನಿಂತಿತು. ಬೆರಳಿನಷ್ಟು ಸೆಟ್ಟಿಂಗ್, ಬೆಟ್ಟದಷ್ಟು ವ್ಯತ್ಯಾಸ. ಜೊತೆಗೆ ಗೇಮ್ ಮೋಡ್ ಹಾಕಿದರೆ ಮೌಸು ತಡವಾಗಿ ಓಡೋದು ನಿಲ್ಲುತ್ತೆ, ಶಾರ್ಪ್‌ನೆಸ್ ಇಳಿಸಿದರೆ ಅಕ್ಷರದ ಸುತ್ತ ಬಿಳಿ ನೆರಳು ಹೋಗುತ್ತೆ. ಪರದೆಯ ಅಂಚು ಕತ್ತರಿಸಿದ ಹಾಗೆ ಕಂಡರೆ ಓವರ್‌ಸ್ಕ್ಯಾನ್ ಆಫ್ ಮಾಡಬೇಕು. ಲ್ಯಾಪ್‌ಟಾಪಿನ ಎಚ್‌ಡಿಎಂಐ ಹಳೇ 1.4 ಆಗಿದ್ದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ ಬರುತ್ತೆ, 60 ಬೇಕಂದ್ರೆ 2.0 ಇರಬೇಕು. ಟೈಪ್-ಸಿ ಅಡಾಪ್ಟರ್ ಕೊಳ್ಳುವಾಗಲೂ ಡಬ್ಬದ ಮೇಲೆ '4ಕೆ 60' ಇದೆಯಾ ನೋಡಿ.

ಹುಮನಾಬಾದಿನಲ್ಲಿ ಇಷ್ಟವಾಯ್ತು, ಆದರೂ ಕೊಳ್ಳಲಿಲ್ಲ. ಸರ್ವಿಸ್ ಬಗ್ಗೆ ಕೇಳಿದ್ರೆ 'ಕಂಪನಿಯವ್ರು ಬರ್ತಾರ್ರೀ' ಅನ್ನೋ ಉತ್ತರ. ಎಲ್ಲಿಂದ ಬರ್ತಾರೆ, ಎಷ್ಟು ದಿನಕ್ಕೆ ಬರ್ತಾರೆ, ಅದಿಲ್ಲ. ತಾಲೂಕು ಊರಿನಲ್ಲಿ ಇದೇ ದೊಡ್ಡ ಪ್ರಶ್ನೆ. ಆನ್‌ಲೈನಿನಲ್ಲಿ ಎರಡು ಸಾವಿರ ಕಮ್ಮಿ ಇತ್ತು, ನಿಜ. ಆದರೆ ಪರದೆ ಕೆಟ್ಟರೆ ಅಪ್ಪ ಯಾರಿಗೆ ಫೋನ್ ಮಾಡಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು?

ಮರುದಿನ ಕಲ್ಯಾಣದಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರದ ಅಂಗಡಿಗೆ ಅಪ್ಪ, ಅವ್ವ ಇಬ್ಬರನ್ನೂ ಕರಕೊಂಡು ಹೋದೆ. ಅದೇ ಮಾಡೆಲ್ಲು, 800 ರೂಪಾಯಿ ಜಾಸ್ತಿ. ಅವ್ವ ಸೀದಾ ನೆಲದ ಮೇಲೆ ಕೂತರು. 'ನಾ ಹಿಂಗ ಕುಂತೇ ನೋಡ್ತೀನಿ, ಹಿಂಗೇ ತೋರ್ಸು' ಅಂದರು. ಇದು ನನಗಿಂತ ಒಳ್ಳೇ ಟೆಸ್ಟು. ಕೆಲವು ಪರದೆಗಳು ಎದುರಿಗೆ ಕಪ್ಪು ಚೆನ್ನಾಗಿ ತೋರಿಸಿ, ಕೆಳಗಿನಿಂದ ಪಕ್ಕದಿಂದ ನೋಡಿದರೆ ಬೆಳ್ಳಗೆ ತೇಲುತ್ತವೆ. ವಿಎ ಅನ್ನೋ ಪ್ಯಾನೆಲ್ಲಿನ ಸ್ವಭಾವ ಅದು. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದಿ, ಆದರೆ ಎಲ್ಲಿಂದ ನೋಡಿದರೂ ಮುಖ ಮುಖದ ಬಣ್ಣದಲ್ಲೇ ಇರುತ್ತೆ. ನೆಲದ ಮೇಲೆ ಕೂರುವ ಮನೆಗೆ ಐಪಿಎಸ್ಸೇ ಸರಿ.

ಅಪ್ಪನಿಗೆ ಲ್ಯಾಪ್‌ಟಾಪಿನಿಂದ ಅವತ್ತಿನ ಇ-ಪೇಪರ್ ತೆರೆದು ದೊಡ್ಡದು ಮಾಡಿ ಕೊಟ್ಟೆ. ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಕೆಳಗಿನ ಮೂಲೆಯ ಸಣ್ಣ ಸುದ್ದಿಯೊಂದನ್ನು, ಮಳೆ ಬಗ್ಗೆ, ಗಟ್ಟಿಯಾಗಿ ಓದಲಿಕ್ಕೆ ಹತ್ತಿದರು. ಅಂಗಡಿಯವನು ರೇಟು ಹೇಳ್ತಾನೇ ಇದ್ದ, ನನ್ನ ಕಿವಿ ಆ ಕಡೆ ಇರಲಿಲ್ಲ. ಚೌಕಾಸಿ ಮಾಡಿದ್ದು ಅವ್ವ. 24,300ಕ್ಕೆ ಮುಗೀತು, ಸೀಲು ಹಾಕಿದ ಬಿಲ್ಲು, ವಾರಂಟಿ ಕಾರ್ಡು ಸಮೇತ.

ಇನ್ನು ಹಂಚಿಕೆ. ಇದೇ ಕಲ್ಯಾಣದಲ್ಲಿ, ಅದೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅನ್ನೋದು ಆ ಗ್ರಂಥದ ಮಾತು. ನಾನು ಆ ಪಾಯಿಂಟು ಎತ್ತಿ ನೋಡಿದೆ. 'ಸಂಜಿ ಏಳರಿಂದ ಒಂಬತ್ತು ನಂದು' ಅಂತ ಅವ್ವ ತೀರ್ಪು ಕೊಟ್ಟರು, ಮೇಲ್ಮನವಿ ಇಲ್ಲ. ಬೆಳಿಗ್ಗೆ ಏಳರಿಂದ ಎಂಟು ಅಪ್ಪನ ಪೇಪರು. ಹತ್ತರಿಂದ ಆರೂವರೆ ನನ್ನ ಕೋಡು.

ಎರಡು ಕಿರಿಕಿರಿ ಉಳಿದಿವೆ. ಮಾನಿಟರಿನ ಹಾಗೆ ಲ್ಯಾಪ್‌ಟಾಪ್ ಮಲಗಿದರೆ ಇದು ಮಲಗಲ್ಲ, 'ಸಿಗ್ನಲ್ ಇಲ್ಲ' ಅಂತ ಗೋಳಾಡುತ್ತೆ, ರಿಮೋಟಿನಿಂದಲೇ ಆರಿಸಬೇಕು. ಇನ್ನೊಂದು, ಪರದೆ ಹತ್ತಿರ ಹತ್ತಿರ ಒಂದು ಮೀಟರ್ ಅಗಲ. ಎರಡು ಅಡಿ ಟೇಬಲ್ಲಿನ ಮೇಲಿಟ್ಟು ಕೂತರೆ ಕತ್ತನ್ನು ಟೆನಿಸ್ ನೋಡಿದ ಹಾಗೆ ತಿರುಗಿಸಬೇಕಾಗುತ್ತೆ, ಕನಿಷ್ಠ ಮೂರು ಅಡಿ ದೂರ ಬೇಕು. ಅದಕ್ಕೆ ಮುಂದೆ ಎಳೆದು ಹಿಂದೆ ತಳ್ಳುವ ತೋಳಿನ ಸ್ಟ್ಯಾಂಡು ತರಿಸಿದ್ದೇನೆ. ನಮ್ಮದು ಕಲ್ಲು ಮಣ್ಣಿನ ಹಳೇ ಗೋಡೆ. ಡ್ರಿಲ್ ಹಿಡಿದು ಬಂದವನು ಎರಡು ಕಡೆ ತಟ್ಟಿ ನೋಡಿ, 'ಇಲ್ಲಿ ಕಲ್ಲು ಸಿಗ್ತದ, ಅಲ್ಲಿ ಬರೇ ಮಣ್ಣದ, ನಾಳಿ ಉದ್ದನ ಬೋಲ್ಟ್ ತಗೊಂಡು ಬರ್ತೀನ್ರೀ' ಅಂತ ಹೋಗಿದ್ದಾನೆ.