ಪಾತಿಗೆ ನೀರು ಮೊದಲು, ಮುಚ್ಚಿಗೆ ಆಮೇಲೆ

ರಾಗಿ ಕಟಾವು ಮುಗಿದು ಮೆದೆ ಹಾಕಿದ್ದಾಯ್ತು. ಬೆಳಗ್ಗೆ ಕೊರೆಯೋ ಗಾಳಿ, ಮಧ್ಯಾಹ್ನ ಸುಡೋ ಬಿಸಿಲು. ಈ ಕಾಲದಲ್ಲಿ ಅರಳಿಕಟ್ಟೆ ಮೇಲೆ ಕೂತವರ ಕಾಲು ನೋಡಿ, ಹಿಮ್ಮಡಿಗಳೆಲ್ಲ ಬತ್ತಿದ ಕೆರೆ ಅಂಗಳದ ಹಂಗೆ ಬಾಯಿಬಿಟ್ಟಿರುತ್ತವೆ. ಇವತ್ತು ಬೆಳೆ ವಿಷಯ ಬೇಡ, ಆ ಒಡೆದ ಕಾಲಿನ ವಿಷಯ ಬರೀತೀನಿ.

ಹೋದ ವರ್ಷ ಇದೇ ಹೊತ್ತಿಗೆ ನನ್ನ ಎಡಗಾಲಿನ ಹಿಮ್ಮಡಿ ಒಡೆದಿತ್ತು. ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. "ದುಡಿಯೋ ಕಾಲು ಒಡೀದೆ ಕೂತು ತಿನ್ನೋರ ಕಾಲು ಒಡೆಯುತ್ತಾ?" ಅಂತ ನಗಾಡ್ತಿದ್ದೆ. ನನಗೆ ಏಳು ವರ್ಷದಿಂದ ಸಕ್ಕರೆ ಕಾಯಿಲೆ. ರಾಗಿ ಕೂಳೆಯ ಚೂರೊಂದು ಆ ಒಡಕಿನೊಳಗೆ ಮುರಿದು ಕೂತಿದೆ, ನನಗೆ ಗೊತ್ತೇ ಆಗಿಲ್ಲ. ನೋವೇ ಇರಲಿಲ್ಲ. ಕಸ ಗುಡಿಸ್ತಿದ್ದ ನಮ್ಮ ಮನೆಯವಳು ನೆಲದ ಮೇಲೆ ಕೀವಿನ ಗುರುತು ನೋಡಿ, "ಏನ್ರೀ ಇದು, ಕಾಲು ತೋರ್ಸಿ" ಅಂದ್ಲು. ಆಗಲೇ ಪಾದ ಊದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಯಜಮಾನ್ರೇ, ಇನ್ನೊಂದು ವಾರ ಬಿಟ್ಟು ಬಂದಿದ್ರೆ ಈ ಕಾಲು ಉಳಿಸೋದು ಕಷ್ಟ ಆಗ್ತಿತ್ತು" ಅಂದ್ರು. 23 ದಿನ ಡ್ರೆಸ್ಸಿಂಗ್ ಆಯ್ತು. ಕಣದ ಕೆಲಸ ಪೂರ್ತಿ ಹೆಂಡತಿ, ಮಗನ ತಲೆ ಮೇಲೆ ಬಿತ್ತು.

"ಒಡಕಿಗೆ ಏನು ಹಚ್ತಿದ್ರಿ?" ಅಂತ ಕೇಳಿದ್ರು. "ಕೊಬ್ರಿ ಎಣ್ಣೆ ಮೇಡಂ, ಮಲಗೋ ಮುಂಚೆ" ಅಂದೆ. "ತೊಳೆದ ಕಾಲಿಗೋ, ಒಣಗಿದ ಕಾಲಿಗೋ?" ಒಣಗಿದ ಕಾಲಿಗೇ ಅಂದೆ. "ಎಣ್ಣೆಯಲ್ಲಿ ನೀರೆಲ್ಲಿರುತ್ತೆ ಯಜಮಾನ್ರೇ? ಚರ್ಮಕ್ಕೆ ಬೇಕಾಗಿರೋದು ನೀರು" ಅಂದ್ರು.

ಆ ಮಾತು ನನಗೆ ಚುರುಕ್ ಅಂತು. ಮೂವತ್ತು ವರ್ಷದಿಂದ ತೆಂಗಿನ ಪಾತಿಗೆ ನೀರು ಬಿಟ್ಟು, ಮೇಲೆ ಗರಿ ಮಟ್ಟೆ ಮುಚ್ಚಿಕೊಂಡು ಬಂದವನು ನಾನು. ಒಣ ಪಾತಿಗೆ ಎಷ್ಟು ಮಟ್ಟೆ ಮುಚ್ಚಿದ್ರೂ ಗಿಡಕ್ಕೆ ನೀರು ಸಿಗಲ್ಲ ಅಂತ ಗೊತ್ತಿರೋನು, ಕಾಲಿಗೆ ಮಾತ್ರ ಒಣ ಮುಚ್ಚಿಗೆ ಹಾಕ್ತಿದ್ದೆ. ನಮ್ಮವ್ವ ರಾತ್ರಿ ಕಾಲು ತೊಳೆದು, ಒರೆಸಿ, ತೇವ ಇರುವಾಗಲೇ ಹರಳೆಣ್ಣೆ ಸವರಿಕೊಳ್ತಿದ್ದಳು. ನಾನು ಎಣ್ಣೆ ಮಾತ್ರ ಕಲಿತೆ, ತೊಳೆಯೋದನ್ನ ಬಿಟ್ಟೆ.

ಆಮೇಲೆ ಕೇಳಿ, ಓದಿ ತಿಳ್ಕೊಂಡಿದ್ದು ಇಷ್ಟು. ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು. ಅವು ಇಟ್ಟಿಗೆ ಇದ್ದಂಗೆ, ನಡುವೆ ಇರೋ ಕೊಬ್ಬು ಗಾರೆ ಇದ್ದಂಗೆ. ಆ ಪದರದಲ್ಲಿ ನೀರು ನೂರಕ್ಕೆ 10 ಭಾಗಕ್ಕಿಂತ ಕಡಿಮೆಯಾದ್ರೆ ಅದು ಗಡುಸಾಗಿ ಬಿರಿಯುತ್ತೆ. ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ, ಬೆವರಿನ ಗ್ರಂಥಿ ಮಾತ್ರ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟರೆ ಬೆವರೂ ನಿಲ್ಲುತ್ತೆ, ನೋವೂ ತಿಳಿಯಲ್ಲ. ನನಗಾಗಿದ್ದು ಎರಡೂ. ಹಿಂದೆ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಬೇರೆ, ಮೈ ಭಾರಕ್ಕೆ ಹಿಮ್ಮಡಿ ಪಕ್ಕಕ್ಕೆ ಹರಡಿ ಒಡಕು ಇನ್ನೂ ಅಗಲ ಆಗುತ್ತೆ.

ಅಂಗಡಿಯಲ್ಲಿ ನೂರೆಂಟು ಕ್ರೀಮ್ ಇವೆ. ಯಾವುದೇ ಆಗಲಿ, ಒಳಗಿರೋ ಸಾಮಾನು ಮಾಡೋದು ಮೂರೇ ಕೆಲಸ.

ಒಂದು, ನೀರು ಹಿಡಿಯೋದು. ಹೊಲಕ್ಕೆ ಕೆರೆ ಗೋಡು ಹೊಡೆದಂಗೆ. ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಈ ಜಾತಿ. ಬರೀ ಗ್ಲಿಸರಿನ್ನನ್ನ ಒಣ ಹವೆಯಲ್ಲಿ ಹಾಗೇ ಬಳಿದ್ರೆ ಅದು ಚರ್ಮದ ಒಳಗಿನ ನೀರನ್ನೇ ಎಳೆಯುತ್ತೆ. ಒದ್ದೆ ಚರ್ಮಕ್ಕೆ ಹಚ್ಚಿ, ಮೇಲೆ ಮುಚ್ಚಿಗೆ ಕೊಡಬೇಕು.

ಎರಡು, ಸಂದು ತುಂಬೋದು. ಕಣ ಸಗಣಿಯಿಂದ ಸಾರಿಸಿದಂಗೆ. ಕೊಬ್ರಿ ಎಣ್ಣೆ ಈ ಕೆಲಸಕ್ಕೆ ಒಳ್ಳೇದು, ಮೈ ಕೈಗೆ ಅದೇ ಸಾಕು. ಸೆರಮೈಡ್ ಅಂತ ಹೆಸರಿದ್ರೆ ಅದು ಆ ಗಾರೆಯಲ್ಲೇ ಇರೋ ಕೊಬ್ಬು.

ಮೂರು, ಮುಚ್ಚಿಗೆ. ಇದರಲ್ಲಿ ಎಲ್ಲಕ್ಕಿಂತ ಗಟ್ಟಿ ಪೆಟ್ರೋಲಿಯಂ ಜೆಲ್ಲಿ. ಕಲ್ಲೆಣ್ಣೆ ಬಾವಿಗಳಲ್ಲಿ ಅಂಟುತ್ತಿದ್ದ ಮೇಣದಂಥ ಜಿಡ್ಡನ್ನ ಶುದ್ಧಮಾಡಿ, ಅಮೆರಿಕದ ರಾಬರ್ಟ್ ಚೀಸ್‌ಬ್ರೊ ಅನ್ನೋರು 1872ರಲ್ಲಿ ಪೇಟೆಂಟ್ ತಗೊಂಡ್ರು. ಜೇನುಮೇಣ, ಕುರಿ ಉಣ್ಣೆಯಿಂದ ತೆಗೆಯೋ ಲ್ಯಾನೊಲಿನ್ ಕೂಡ ಇದೇ ಕೆಲಸಕ್ಕೆ. ಹಿಮ್ಮಡಿಯ ದಪ್ಪ ಚರ್ಮಕ್ಕೆ ತೆಳ್ಳನೆ ಲೋಷನ್ ಸಾಲದು. ಅದರಲ್ಲಿ ಹೆಚ್ಚಿಗೆ ಇರೋದು ನೀರೇ, ಗಾಳಿಗೆ ಹಾರಿಹೋಗುತ್ತೆ.

ಯೂರಿಯಾ ಅಂದ ಕೂಡಲೇ ನಮ್ಮೋರು ನಗ್ತಾರೆ. ನಗಬೇಡಿ, ಅದೇ ಯೂರಿಯಾ. ನಮ್ಮ ಚರ್ಮದಲ್ಲೂ ಸ್ವಲ್ಪ ತಾನಾಗೇ ಇರುತ್ತೆ. ಕ್ರೀಮಿನಲ್ಲಿ ನೂರಕ್ಕೆ 10 ಇದ್ರೆ ನೀರು ಹಿಡಿಯುತ್ತೆ, 20ರ ಮೇಲೆ ಇದ್ರೆ ದಡ್ಡುಗಟ್ಟಿದ ಸತ್ತ ಚರ್ಮವನ್ನೂ ಮೆದು ಮಾಡುತ್ತೆ. ಹಂಗಂತ ಗೊಬ್ಬರದ 45 ಕೆಜಿ ಚೀಲಕ್ಕೆ ಕೈ ಹಾಕಬೇಡಿ. ಅದು ಬೇವು ಲೇಪಿಸಿದ್ದು, ಹೊಲಕ್ಕೆ ಮಾಡಿದ್ದು, ಮೈಗಲ್ಲ. ಮೆಡಿಕಲ್ ಸ್ಟೋರಿನ ಯೂರಿಯಾ ಕ್ರೀಮನ್ನೂ ರಕ್ತ ಬರೋ ಒಡಕಿಗೆ ಹಚ್ಚಬೇಡಿ, ಉರಿ ಕಿತ್ಕೊಂಡು ಬರುತ್ತೆ.

ಕೊಳ್ಳುವಾಗ ಡಬ್ಬಿ ಮುಂದಿರೋ ಬಾದಾಮಿ, ಲೋಳೆಸರದ ಚಿತ್ರ ನೋಡಿ ಮರುಳಾಗಬೇಡಿ. ಹಿಂದೆ ತಿರುಗಿಸಿ, ಓದೋ ಮಕ್ಕಳ ಕೈಲಿ ಓದಿಸಿ. ಯಾವುದು ಹೆಚ್ಚಿದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತೆ. ಚಿತ್ರದಲ್ಲಿರೋ ಬಾದಾಮಿ ಎಷ್ಟೋ ಸಲ ಪಟ್ಟಿಯ ಬಾಲದಲ್ಲಿ ಇರುತ್ತೆ. ಘಮ್ ಅನ್ನೋದನ್ನ ಬಿಡಿ, ಒಡೆದ ಚರ್ಮಕ್ಕೆ ಸುವಾಸನೆ ಸಾಮಾನು ಕೆಲವರಿಗೆ ಕೆರೆತ ತರುತ್ತೆ. ಒಡಕಿಗೆ ಅಂತ ಕೇಳಿದ್ರೆ ಕೆಲವು ಅಂಗಡಿಯಲ್ಲಿ ಸ್ಟೀರಾಯ್ಡ್ ಮುಲಾಮು ಕೈಗಿಡ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಅದು ಬೇಡ, ದಿನಾ ಹಚ್ಚಿದ್ರೆ ಚರ್ಮ ಹಾಳೆಯಂಗೆ ತೆಳ್ಳಗಾಗುತ್ತೆ.

ಈಗ ನಾನು ಮಾಡೋದು ಇಷ್ಟೇ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೀತೀನಿ. ಬಿಸಿ ಎಷ್ಟಿದೆ ಅಂತ ನನ್ನ ಕಾಲಿಗೆ ತಿಳಿಯಲ್ಲ, ಅದಕ್ಕೆ ಮನೆಯವಳು ಕೈಯಿಟ್ಟು ನೋಡ್ತಾಳೆ. ಬಟ್ಟೆ ಸೋಪು ಮುಟ್ಟಿಸಲ್ಲ. ಬೆರಳ ಸಂದು ಪೂರ್ತಿ ಒರೆಸಿ, ಹಿಮ್ಮಡಿ ಇನ್ನೂ ತೇವ ಇರುವಾಗಲೇ ಜೆಲ್ಲಿ ಸವರಿ ಹತ್ತಿ ಕಾಲುಚೀಲ ಹಾಕ್ತೀನಿ. ಬೆರಳ ಸಂದಿಗೆ ಮಾತ್ರ ಏನೂ ಹಚ್ಚಲ್ಲ, ಅಲ್ಲಿ ತೇವ ನಿಂತ್ರೆ ಬೂಸು ಹಿಡಿಯುತ್ತೆ. ಚಪ್ಪಲಿ ಇಲ್ಲದೆ ಹೊಲಕ್ಕೆ ಇಳಿಯಲ್ಲ.

ಕೊನೆಗೊಂದು ಮಾತು. ಡ್ರೆಸ್ಸಿಂಗ್ ಮಾಡಿಸ್ಕೊಂಡು ಬಂದ ಒಂದು ದಿನ, ನನ್ನ ಕಾಲು ಮಣೆ ಮೇಲಿಟ್ಟು ಕೂತಿದ್ದ ಹೆಂಡತಿಯ ಪಾದ ಕಣ್ಣಿಗೆ ಬಿತ್ತು. ನನ್ನದಕ್ಕಿಂತ ಆಳವಾದ ಒಡಕು, ಒಳಗೆ ಕರಗಿಸಿ ಸುರಿದ ಮೇಣದಬತ್ತಿ. "ಯಾವಾಗಿಂದ ಹಿಂಗೆ?" ಅಂದೆ. "ಮದ್ವೆ ಆದಾಗ್ಲಿಂದ ಇದೆ, ನೀವು ಇವತ್ತು ನೋಡಿದ್ರಿ" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಕೊಟ್ಟಿಗೆಯ ಹಸು ಗೊರಸು ಕುಂಟಿದ್ರೆ ಅವತ್ತೇ ಎತ್ತಿ ನೋಡ್ತೀನಿ.

ಅವತ್ತಿನಿಂದ ಒಂದೇ ಡಬ್ಬಿ, ಇಬ್ಬರ ಕಾಲಿಗೂ. ಒಂದೂವರೆ ತಿಂಗಳಲ್ಲಿ ಅವಳ ಒಡಕು ಕೂಡಿಕೊಂಡಿತು. ನನ್ನ ಹಿಮ್ಮಡಿ ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ, ಆದರೆ ಕಾಲು ನನ್ನದಾಗಿ ಉಳಿದಿದೆ.

ಸಕ್ಕರೆ ಕಾಯಿಲೆ ಇರೋರು ದಿನಾ ಅಂಗಾಲು ನೋಡ್ಕೊಳ್ಳಿ, ಬಗ್ಗಕ್ಕೆ ಆಗದಿದ್ರೆ ಕನ್ನಡಿ ಹಿಡಿದು ನೋಡಿ. ಕೆಂಪು, ಊತ, ಕೀವು ಕಂಡ್ರೆ ಎಣ್ಣೆ ಜೆಲ್ಲಿ ಅಂತ ಕೂರಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ. ಕಣದ ಕೆಲಸ ನಾಳೆಗೆ ಕಾಯುತ್ತೆ.