ರೈತು ಬಜಾರಿನ ಕಾರ್ಡು

ಹೈದರಾಬಾದಿಗೆ ಹೊಸದಾಗಿ ಬರುವ ಕನ್ನಡಿಗರಿಗೆ ನಾನು ಮೊದಲು ತೋರಿಸುವುದು ಚಾರ್‌ಮಿನಾರ್ ಅಲ್ಲ, ಮೆಹದಿಪಟ್ನಂನ ರೈತು ಬಜಾರು. ಅಲ್ಲಿ ದಿನದ ದರದ ಬೋರ್ಡು ತೆಲುಗಿನಲ್ಲಿರುತ್ತದೆ. ಆದರೂ ಅಕ್ಷರ ಕೂಡಿಸಿಕೊಂಡು ಓದಬಹುದು. ಬೆಂಡ, ಬೀರ, ದೊಂಡ ಎಂದರೆ ನಮ್ಮ ಬೆಂಡೆ, ಹೀರೆ, ತೊಂಡೆ. ಗೋಂಗೂರ ಅಂದರೆ ನಮ್ಮ ಕಲಬುರಗಿ ಕಡೆಯ ಪುಂಡಿಪಲ್ಯ. ಅದೊಂದು ಸಿಕ್ಕರೆ ಊರು ಅರ್ಧ ಸಿಕ್ಕಂತೆ.

ಈ ಬಜಾರುಗಳು ಶುರುವಾಗಿದ್ದು 1999ರ ಜನವರಿಯಲ್ಲಿ, ಅವಿಭಜಿತ ಆಂಧ್ರದಲ್ಲಿ, ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾಗಿದ್ದಾಗ. ದಲ್ಲಾಳಿ ಇಲ್ಲದೆ ರೈತ ನೇರವಾಗಿ ಮಾರಬೇಕು ಎಂಬುದು ಉದ್ದೇಶ. ದರ ಸಗಟು ಬೆಲೆಗಿಂತ ಸುಮಾರು ಶೇ. 25 ಹೆಚ್ಚು, ಹೊರಗಿನ ಚಿಲ್ಲರೆ ಬೆಲೆಗಿಂತ ಸುಮಾರು ಶೇ. 25 ಕಡಿಮೆ ಇರಬೇಕೆಂಬುದು ಲೆಕ್ಕಾಚಾರ. ಅದೇ ವರ್ಷ ನವೆಂಬರಿನಲ್ಲಿ ಮಧುರೈಯಲ್ಲಿ ತಮಿಳುನಾಡಿನ ಉಳವರ್ ಸಂದೈ ಆರಂಭವಾಯಿತು.

ಕಡಿಮೆ ದರಕ್ಕೆ ಗಿರಾಕಿ ಬಂದೇ ಬರುತ್ತಾನೆ. ಗಿರಾಕಿ ಇದ್ದ ಕಡೆ ವ್ಯಾಪಾರಿಯೂ ಬರುತ್ತಾನೆ. ಮಂಡಿಯಲ್ಲಿ ಬೆಳಗ್ಗೆ ನಾಲ್ಕಕ್ಕೆ ಎರಡು ಚೀಲ ಟೊಮೆಟೊ ಕೊಂಡು, ಪಂಚೆ ಉಟ್ಟು ಕೂತರೆ ಅವನು ರೈತ ಅಲ್ಲವೆಂದು ನಾನಾಗಲಿ ನೀವಾಗಲಿ ಹೇಗೆ ಹೇಳುವುದು? ಆದ್ದರಿಂದ ಆಯ್ಕೆ ಬಜಾರಿನಲ್ಲಿ ನಡೆಯುವುದಿಲ್ಲ, ಹಳ್ಳಿಯಲ್ಲಿ ನಡೆಯುತ್ತದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ತರಕಾರಿ ಬೆಳೆಯುವವರನ್ನು ಗುರುತಿಸಿ ಫೋಟೊ ಇರುವ ಕಾರ್ಡು ಕೊಡುತ್ತಾರೆ. ಬಜಾರಿನ ಉಸ್ತುವಾರಿ ಎಸ್ಟೇಟ್ ಆಫೀಸರ್‌ದು. ಸುತ್ತಮುತ್ತ ಬೆಳೆಯದ ಈರುಳ್ಳಿ, ಆಲೂಗಡ್ಡೆಯಂಥವನ್ನು ಮಾರಲು ಮಹಿಳಾ ಸ್ವಸಹಾಯ ಗುಂಪುಗಳಿಗೆ ಜಾಗ ಕೊಡುವ ಏರ್ಪಾಡೂ ಇದೆ.

ಇಷ್ಟು ಕೇಳಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಈ ಊರಿನ ಬೇರೊಂದು ಬಜಾರಿನ ಕಾಂಪೌಂಡಿನ ಹೊರಗೆ ಮೆಂತ್ಯ, ಪಾಲಕ್ ಹರಡಿಕೊಂಡು ಕೂತಿದ್ದ ಅಮ್ಮನನ್ನು ನನ್ನ ಹರಕುಮುರುಕು ತೆಲುಗಿನಲ್ಲಿ ಕೇಳಿದ್ದೆ, “ಒಳಗೆ ಯಾಕೆ ಕೂರಲ್ಲಮ್ಮ?” ಆಕೆ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಹೇಳಿದಳು: “ಹೊಲ ಕೌಲಿಗೆ ಮಾಡಿದ್ದಪ್ಪ. ಪಾಸ್‌ಬುಕ್ಕು ದೊರೆ ಹತ್ರ ಇದೆ. ಕಾರ್ಡು ಯಾವ ಬಾಯಲ್ಲಿ ಕೇಳಲಿ?”

ಕೌಲು ಅಂದರೆ ನಮ್ಮಲ್ಲಿ ಗೇಣಿ. ಹೈದರಾಬಾದಿನ ಸುತ್ತ ಭೂಮಿಯ ಬೆಲೆ ಏರಿದ ಮೇಲೆ ಎಷ್ಟೋ ಹೊಲಗಳ ಯಜಮಾನರು ನಗರದಲ್ಲಿದ್ದಾರೆ, ಉಳುವವರು ಬೇರೆ. 2011ರಲ್ಲಿ ಅವಿಭಜಿತ ಆಂಧ್ರ ಸರ್ಕಾರ ಇಂಥ ಸಾಗುವಳಿದಾರರಿಗೆ ಸಾಲದ ಅರ್ಹತಾ ಕಾರ್ಡು ಕೊಡುವ ಕಾನೂನು ತಂದಿತು. ಆದರೆ ಕಾಗದ ಆದರೆ ಹೊಲ ಕೈತಪ್ಪೀತು ಎಂಬ ಭಯ ಯಜಮಾನರಿಗೆ. 2018ರಲ್ಲಿ ತೆಲಂಗಾಣ ತಂದ ರೈತುಬಂಧು ಹಣವೂ ಪಾಸ್‌ಬುಕ್ ಇದ್ದವರಿಗೇ ಹೋಯಿತು.

ಕಾರ್ಡು ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ವಾರದೊಳಗೆ ಬಜಾರು ಮಂಡಿಯ ಇನ್ನೊಂದು ಅಂಗಡಿಸಾಲು ಆಗುತ್ತದೆ. ಆದರೆ ತನಿಖೆ ಕಾಗದದಿಂದ ಶುರುವಾದರೆ ಮೊದಲು ಹೊರಗುಳಿಯುವವರು ದಲ್ಲಾಳಿಗಳಲ್ಲ, ಈ ಅಮ್ಮನಂಥವರು. ದಲ್ಲಾಳಿಗೆ ಕಾಗದ ಹೊಂದಿಸುವುದು ಗೊತ್ತು. ಹೊಲಕ್ಕೆ ಹೋಗಿ ಮಡಿಯಲ್ಲಿ ಏನಿದೆ, ಕಳೆ ಕೀಳುವವರು ಯಾರು ಎಂದು ನೋಡಿದರೆ ಅರ್ಧ ಗಂಟೆಯ ಕೆಲಸ. ಯಾರು ಬೆಳೆಯುತ್ತಾರೆ ಎಂಬುದು ಹಳ್ಳಿಯಲ್ಲಿ ಯಾರಿಗೂ ಗುಟ್ಟಲ್ಲ.

ನೀವು ಹೋದಾಗ ದರ ಕೇಳುವ ಮೊದಲು ಊರು ಕೇಳಿ. ಚೇವೆಳ್ಳ ಅಂದರೆ ಅಲ್ಲಿ ಮಳೆ ಹೇಗಿದೆ ಎಂದು ಕೇಳಿ. ಬೆಳೆದವರು ಆ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಮುಗಿಸುವುದಿಲ್ಲ.