ಡಿಸೆಂಬರ್ 17ರ ಆ ಫೋಟೊ ತೆಗೆದವನು

ಅಮೆರಿಕದ ನಾರ್ತ್ ಕೆರೊಲಿನಾದ ಕಡಲಂಚು. ಕಿಟ್ಟಿ ಹಾಕ್ ಊರಿನಿಂದ ನಾಲ್ಕು ಮೈಲಿ ದೂರದ ಕಿಲ್ ಡೆವಿಲ್ ಹಿಲ್ಸ್‌ನ ಮರಳಿನ ಮೇಲೆ ನೀವು ನಿಂತಿದ್ದೀರಿ. 1903ರ ಡಿಸೆಂಬರ್ 17, ಗುರುವಾರ, ಬೆಳಿಗ್ಗೆ ಹತ್ತು ದಾಟಿದೆ. ಉತ್ತರದಿಂದ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿ ಮರಳನ್ನೆತ್ತಿ ಕೆನ್ನೆಗೆ ಹೊಡೆಯುತ್ತಿದೆ. ಮಳೆನೀರು ನಿಂತ ಗುಂಡಿಗಳ ಮೇಲೆ ಮಂಜುಗಡ್ಡೆ ಕಟ್ಟಿದೆ. ಕೋಟು, ಟೈ ತೊಟ್ಟ ಇಬ್ಬರು ಅಣ್ಣತಮ್ಮಂದಿರು ಆಗಾಗ ಶೆಡ್ಡಿನೊಳಗೆ ಹೋಗಿ ಬೆಂಕಿಗೆ ಕೈ ಕಾಯಿಸಿಕೊಂಡು ಬರುತ್ತಿದ್ದಾರೆ. ಹಿರಿಯ ವಿಲ್ಬರ್ ರೈಟ್‌ಗೆ 36, ಕಿರಿಯ ಆರ್ವಿಲ್‌ಗೆ 32.

ನಿಮ್ಮ ಕಣ್ಣು ಅವರ ಮೇಲಿರಬಹುದು. ಆದರೆ ಪಕ್ಕದಲ್ಲಿ ನಿಂತ ದೃಢಕಾಯದ ಆಳನ್ನೂ ನೋಡಿ. ಹೆಸರು ಜಾನ್ ಡೇನಿಯಲ್ಸ್. ಹತ್ತಿರದ ಜೀವರಕ್ಷಣಾ ಠಾಣೆಯ ನೌಕರ. ಒಡೆದ ಹಡಗುಗಳಿಂದ ಜನರನ್ನು ದಡಕ್ಕೆ ತರುವುದು ಅವನ ಕಸುಬು. ಯಂತ್ರ ಹಾರಿಸುವ ದಿನ ಶೆಡ್ಡಿನ ಮೇಲೆ ಗುರುತು ಕಟ್ಟುತ್ತೇವೆ, ಕಂಡರೆ ಬನ್ನಿ ಎಂದು ರೈಟ್ ಸಹೋದರರು ಠಾಣೆಯವರಿಗೆ ಹೇಳಿಟ್ಟಿದ್ದರು. ಇಂದು ಆ ಗುರುತು ನೋಡಿ ಡೇನಿಯಲ್ಸ್, ವಿಲ್ ಡೌ, ಆಡಮ್ ಎಥೆರಿಜ್ ಬಂದಿದ್ದಾರೆ. ಜೊತೆಗೆ ಮ್ಯಾಂಟಿಯೊ ಊರಿನ ಬ್ರಿಂಕ್ಲಿ, ನ್ಯಾಗ್ಸ್ ಹೆಡ್‌ನ ಹುಡುಗ ಜಾನಿ ಮೂರ್. ಒಟ್ಟು ಐದು ಮಂದಿ. ಯಂತ್ರದ ತೂಕವೇ 270 ಕಿಲೋ ಮೀರುತ್ತದೆ, ರೆಕ್ಕೆಗಳ ಉದ್ದ 40 ಅಡಿ. ಈ ಗಾಳಿಯಲ್ಲಿ ಅದನ್ನು ಅಲುಗಾಡದಂತೆ ಹಿಡಿಯುವುದು ಇಬ್ಬರ ಕೈಯಲ್ಲಾಗುವ ಕೆಲಸವಲ್ಲ. ಪ್ರತಿವರ್ಷ ಈ ದಿನ ಬಂದಾಗ ನಾವು ಎರಡೇ ಹೆಸರು ನೆನೆಯುತ್ತೇವೆ. ಉಳಿದ ಐವರನ್ನು ಮರೆಯುವುದು ನ್ಯಾಯವಲ್ಲ ಎಂದೇ ನನ್ನ ಭಾವನೆ.

ಯಂತ್ರ 60 ಅಡಿ ಉದ್ದದ ಮರದ ಹಳಿಯ ಮೇಲೆ ಗಾಳಿಗೆ ಎದುರಾಗಿ ನಿಂತಿದೆ. ಹತ್ತಿರ ಹೋಗಿ ಮುಟ್ಟಿ: ಸ್ಪ್ರೂಸ್ ಮರದ ಕಡ್ಡಿಗಳು, ಅವಕ್ಕೆ ಬಿಗಿದ ಬಿಳಿ ಮಸ್ಲಿನ್ ಬಟ್ಟೆ, ಎತ್ತ ನೋಡಿದರೂ ತಂತಿ. ಎಂಜಿನ್ನಿಗೆ ಹನ್ನೆರಡು ಅಶ್ವಶಕ್ತಿ. ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅದನ್ನು ಆರು ವಾರಗಳಲ್ಲಿ ಕಟ್ಟಿದ್ದ. ಮೂರು ದಿನದ ಹಿಂದೆ, ಮೊದಲು ಯಾರು ಹಾರಬೇಕೆಂದು ನಾಣ್ಯ ಚಿಮ್ಮಿದಾಗ ವಿಲ್ಬರ್ ಗೆದ್ದಿದ್ದ. ಯಂತ್ರದ ಮೂತಿಯನ್ನು ತೀರಾ ಮೇಲೆತ್ತಿ, ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಿದ್ದಿದ್ದ. ರಿಪೇರಿ ಮುಗಿದು ಇಂದು ಆರ್ವಿಲ್‌ನ ಸರದಿ.

ಹತ್ತುವ ಮೊದಲು ಆರ್ವಿಲ್ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸುತ್ತಾನೆ. ಒಳಗೆ ಐದು-ಏಳು ಇಂಚಿನ ಗಾಜಿನ ಪ್ಲೇಟು. ಹಳಿ ಮುಗಿದ ಮೇಲೆ ಯಂತ್ರ ಎಲ್ಲಿ ಏಳಬೇಕೋ ಆ ಜಾಗಕ್ಕೇ ಗುರಿಯಿಟ್ಟು, ಶಟರ್ ಬಿಡುವ ರಬ್ಬರ್ ಬಲ್ಬನ್ನು ಡೇನಿಯಲ್ಸ್‌ನ ಕೈಗೆ ಕೊಡುತ್ತಾನೆ. ನೆಲ ಬಿಟ್ಟರೆ ಇದನ್ನು ಅದುಮು, ಅಷ್ಟೇ ಅವನಿಗೆ ಹೇಳಿದ್ದು. ಅದಕ್ಕೆ ಮೊದಲು ತಾನು ಕ್ಯಾಮೆರಾವನ್ನೇ ಕಂಡಿರಲಿಲ್ಲವೆಂದು ಡೇನಿಯಲ್ಸ್ ಮುಂದೆ ಹೇಳಿದ.

ಅಣ್ಣತಮ್ಮ ಕೈ ಕುಲುಕುತ್ತಾರೆ, ಬೇಗ ಬಿಡುವುದೇ ಇಲ್ಲ. ಮತ್ತೆ ಕಾಣುತ್ತೇವೋ ಇಲ್ಲವೋ ಎನ್ನುವವರ ಹಾಗಿತ್ತು ಎಂದು ಡೇನಿಯಲ್ಸ್ ನೆನೆಯುತ್ತಿದ್ದ. ಮುಖ ಸಪ್ಪೆ ಮಾಡಿಕೊಂಡು ನಿಲ್ಲಬೇಡಿ, ನಗಿ, ಕೂಗಿ, ಚಪ್ಪಾಳೆ ತಟ್ಟಿ ಎಂದು ವಿಲ್ಬರ್ ಇವರಿಗೆಲ್ಲ ಹೇಳುತ್ತಾನೆ. ತಮ್ಮನಿಗೆ ಧೈರ್ಯ ಬರಲೆಂದು.

10 ಗಂಟೆ 35 ನಿಮಿಷ. ಆರ್ವಿಲ್ ಕೆಳರೆಕ್ಕೆಯ ಮೇಲೆ ಬೋರಲಾಗಿ ಮಲಗಿದ್ದಾನೆ. ಕಟ್ಟಿದ ತಂತಿ ಬಿಚ್ಚಿತು. ಎದುರುಗಾಳಿಯಿಂದಾಗಿ ಯಂತ್ರ ಎಷ್ಟು ನಿಧಾನ ಹೊರಟಿತೆಂದರೆ ಬಲರೆಕ್ಕೆ ಹಿಡಿದ ವಿಲ್ಬರ್ ಪಕ್ಕದಲ್ಲೇ ಓಡುತ್ತಿದ್ದಾನೆ. ಎಂಜಿನ್ನಿನ ಗದ್ದಲಕ್ಕೆ ಕಿವಿ ಗಡಚಿಕ್ಕುತ್ತಿದೆ. ಹಳಿ ಇನ್ನೂ ಮುಗಿದಿಲ್ಲ, ಯಂತ್ರ ಎದ್ದೇಬಿಟ್ಟಿತು! ಒಮ್ಮೆ ಏರಿ, ಒಮ್ಮೆ ಇಳಿದು, ಮತ್ತೆ ಏರಿ, 120 ಅಡಿ ದೂರದಲ್ಲಿ ಮರಳಿಗೆ ತಗುಲಿ ನಿಂತಿತು. ಹನ್ನೆರಡು ಸೆಕೆಂಡು.

ಬಲ್ಬ್ ಒತ್ತಿದೆಯಾ ಎಂದು ಕೇಳಿದರೆ ಡೇನಿಯಲ್ಸ್‌ಗೆ ಖಾತ್ರಿಯಿಲ್ಲ. ಅವನ ಕಣ್ಣು ಯಂತ್ರದ ಮೇಲಿತ್ತು. ನಿಮ್ಮ ಕಣ್ಣಾದರೂ ಬೇರೆಲ್ಲಿತ್ತು?

ಮಧ್ಯಾಹ್ನದೊಳಗೆ ಇನ್ನೂ ಮೂರು ಹಾರಾಟಗಳು. ನಾಲ್ಕನೆಯದರಲ್ಲಿ ವಿಲ್ಬರ್ 59 ಸೆಕೆಂಡು ಗಾಳಿಯಲ್ಲಿದ್ದು 852 ಅಡಿ ಸಾಗಿದ. ಯಂತ್ರವನ್ನು ಹೊತ್ತು ತಂದು ನೆಲಕ್ಕಿಟ್ಟು, ಎಲ್ಲರೂ ಮಾತಿಗೆ ನಿಂತಾಗ ರಭಸದ ಗಾಳಿಯೊಂದು ನುಗ್ಗಿ ಅದನ್ನು ಮಗುಚತೊಡಗಿತು. ಓಡಿ, ಹಿಡಿಯಿರಿ! ಡೇನಿಯಲ್ಸ್ ಎರಡು ರೆಕ್ಕೆಗಳ ನಡುವಿನ ಕಂಬ ಹಿಡಿದ, ಬಿಡಲಿಲ್ಲ. ಯಂತ್ರ ಅವನನ್ನೂ ಒಳಗೆ ಸಿಕ್ಕಿಸಿಕೊಂಡು, ತಂತಿ, ಸರಪಳಿ, ಎಂಜಿನ್ನಿನ ನಡುವೆ ಉರುಳಿಸುತ್ತ ಹೋಯಿತು. ಎಳೆದು ಹೊರತೆಗೆದಾಗ ಮೈಯೆಲ್ಲ ತರಚಿ ಜಜ್ಜಿತ್ತು. ವಿಮಾನ ಅಪಘಾತದಲ್ಲಿ ಗಾಯಗೊಂಡ ಮೊದಲಿಗ ನಾನೇ ಎಂದು ಅವನು ಕೊನೆಯತನಕ ಹೆಮ್ಮೆಯಿಂದ ಹೇಳುತ್ತಿದ್ದ. ಮುರಿದ ಆ ಯಂತ್ರ ಮತ್ತೆಂದೂ ಹಾರಲಿಲ್ಲ.

ಊಟ ಮುಗಿಸಿ ಸಹೋದರರು ಕಿಟ್ಟಿ ಹಾಕ್‌ವರೆಗೆ ನಡೆದು ಅಪ್ಪನಿಗೆ ತಂತಿ ಕಳಿಸಿದರು. ದಾರಿಯಲ್ಲಿ 59 ಸೆಕೆಂಡು 57 ಆಯಿತು, ಆರ್ವಿಲ್‌ನ ಹೆಸರಿನ ಸ್ಪೆಲ್ಲಿಂಗೂ ಕೆಟ್ಟಿತು. ಕ್ರಿಸ್‌ಮಸ್‌ಗೆ ಮನೆಗೆ ಬರುತ್ತೇವೆ ಎಂಬ ಮಾತು ಮಾತ್ರ ಸರಿಯಾಗಿ ತಲುಪಿತು.

ಪ್ಲೇಟನ್ನು ತೊಳೆದದ್ದು ಡೇಟನ್ ಊರಿಗೆ ಮರಳಿದ ಮೇಲೆ, ಮನೆಯ ಹಿಂದಿನ ಡಾರ್ಕ್‌ರೂಮಿನಲ್ಲಿ. ಕತ್ತಲಲ್ಲಿ ನಿಧಾನವಾಗಿ ಮೂಡಿದ ಚಿತ್ರದಲ್ಲಿ ಎಲ್ಲವೂ ಇತ್ತು: ಖಾಲಿ ಹಳಿ, ನೆಲ ಬಿಟ್ಟ ಯಂತ್ರ, ಆಗಷ್ಟೇ ರೆಕ್ಕೆ ಬಿಟ್ಟು ನಿಂತ ವಿಲ್ಬರ್, ರೆಕ್ಕೆಗೆ ಆನಿಸಿಟ್ಟಿದ್ದ ಪುಟ್ಟ ಬೆಂಚು, ಸಲಿಕೆ, ಮರಳಿನ ಮೇಲೆ ಹೆಜ್ಜೆಗುರುತು. ಡೇನಿಯಲ್ಸ್ ಒತ್ತಿದ್ದ, ಅದೂ ತಕ್ಕ ಕ್ಷಣದಲ್ಲಿ. 1913ರಲ್ಲಿ ಡೇಟನ್‌ಗೆ ಪ್ರವಾಹ ಬಂದಾಗ ಆ ಪ್ಲೇಟೂ ನೀರಲ್ಲಿ ಮುಳುಗಿತು. ಒಂದು ಮೂಲೆ ಮುರಿದಿದೆ, ಚಿತ್ರ ಉಳಿದಿದೆ.

ವಿಲ್ಬರ್ 1912ರಲ್ಲೇ ಟೈಫಾಯ್ಡಿನಿಂದ ತೀರಿಕೊಂಡಿದ್ದ. ಆರ್ವಿಲ್ ತೀರಿಕೊಂಡದ್ದು 1948ರ ಜನವರಿ 30ರಂದು. ದೆಹಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದ ದಿನವೂ ಅದೇ. ಮಾರನೆಯ ದಿನ, ಜನವರಿ 31ಕ್ಕೆ, ಜಾನ್ ಡೇನಿಯಲ್ಸ್ ಕಣ್ಣುಮುಚ್ಚಿದ. ಇಪ್ಪತ್ತು ವರ್ಷ ಲಂಡನ್ನಿನಲ್ಲಿದ್ದ ಯಂತ್ರವನ್ನು ಸ್ಮಿತ್ಸೋನಿಯನ್ ಸಂಸ್ಥೆ ಅದೇ ವರ್ಷ ಡಿಸೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ಜನರ ಮುಂದಿಟ್ಟಿತು.